ಕಾರ್ಡಿನಲ್ಲಿದ್ದ ಮುಖ್ಯಸ್ಥರು

ತುಮಕೂರಿನಲ್ಲಿ ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ನನಗಿನ್ನೂ ಸರ್ವೀಸ್ ಇದೆ. ನನ್ನ ಹೆಸರು ಪ್ರೇಮಲತಾ, ವಿಷಯ ಅರ್ಥಶಾಸ್ತ್ರ, ಮನೆ ಮರಳೂರು. ಇಷ್ಟು ಗೊತ್ತಾದರೆ ಸಾಕು.

ನಮ್ಮಲ್ಲಿ ವಿಭಾಗದ ಮುಖ್ಯಸ್ಥರ ಸ್ಥಾನ, ಎಲ್ಲರ ಬಾಯಲ್ಲೂ ಅದು ‘ಹೆಡ್ಡು’, ಎರಡು ವರ್ಷಕ್ಕೊಮ್ಮೆ ಸೀನಿಯಾರಿಟಿ ಪ್ರಕಾರ ಕೈ ಬದಲಾಗುತ್ತದೆ. ಸರದಿ ಬಂದವರಿಗೆ ಬೇಡವಾದರೆ ‘ನನಗೆ ಇಷ್ಟವಿಲ್ಲ, ಮುಂದಿನವರಿಗೆ ಕೊಡಿ’ ಎಂದು ಬರೆದುಕೊಡಬೇಕು. ಅದಕ್ಕೆ ಅನ್‌ವಿಲ್ಲಿಂಗ್ ಲೆಟರ್ ಎನ್ನುತ್ತೇವೆ. ನಿಯಮದಲ್ಲಿ ಗಂಡಸು ಹೆಂಗಸು ಎಂಬ ಭೇದವಿಲ್ಲ. ಆದರೆ ನಮ್ಮ ವಿಭಾಗ ಹುಟ್ಟಿದಾಗಿನಿಂದ ಆ ಲೆಟರ್ ಬರೆದ ಗಂಡಸನ್ನು ಕಂಡವರಿಲ್ಲ. ನಾನು ಎರಡು ಸಲ ಬರೆದಿದ್ದೇನೆ. ಬರೆದಿದ್ದೇನೆ ಎನ್ನುವುದೂ ಸುಳ್ಳೇ. ಒಂದು ಸಲ ಮಗನ ಎಸ್ಸೆಸ್ಸೆಲ್ಸಿ, ಇನ್ನೊಂದು ಸಲ ಅತ್ತೆಯ ಮಂಡಿ ಆಪರೇಷನ್. ಎರಡು ಸಲವೂ ಲೆಟರ್ ಟೈಪಾಗಿಯೇ ನನ್ನ ಟೇಬಲ್ಲಿಗೆ ಬಂತು, ನಾನು ಸಹಿ ಹಾಕಿದೆ. ಎಲ್ಲರೂ ‘ಎಂಥ ದೊಡ್ಡ ಮನಸ್ಸು ಮೇಡಂ ನಿಮ್ಮದು’ ಎಂದರು. ದೊಡ್ಡ ಮನಸ್ಸಿನವರಿಗೆ ನಮ್ಮಲ್ಲಿ ಬೆಳಗಿನ ಮೊದಲ ಕ್ಲಾಸು, ಸಂಜೆಯ ಕೊನೆಯ ಕ್ಲಾಸು, ಸಮಾರಂಭದಲ್ಲಿ ಶಾಲು ಹಾರದ ತಟ್ಟೆ ಹಿಡಿದು ನಿಲ್ಲುವ ಕೆಲಸ ಕೊಡುತ್ತಾರೆ.

ಈ ವರ್ಷ ಸದಾಶಿವಯ್ಯನವರ ಹೆಡ್ಡುಗಿರಿ ಮುಗಿಯುತ್ತಾ ಬಂದು ಮತ್ತೆ ನನ್ನ ಸರದಿ ಬಂತು. ಒಂದು ಮಧ್ಯಾಹ್ನ ಅವರೇ ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ನನ್ನ ಹತ್ತಿರ ಬಂದರು.

“ಮೇಡಂ, ಒಂದು ಸೈನು.”

“ಏನ್ ಸಾರ್ ಇದು?”

“ಅದೇ, ಮಾಮೂಲಿ.”

ಓದಿದೆ. ‘ಕೌಟುಂಬಿಕ ಕಾರಣಗಳಿಂದಾಗಿ’ ಎಂದಿತ್ತು.

“ನಮ್ಮನೇಲಿ ಈಗ ಯಾವ ಕಾರಣಾನೂ ಇಲ್ವಲ್ಲ ಸಾರ್. ಮಗ ಕೆಲಸಕ್ಕೆ ಸೇರ್ದ. ಅತ್ತೆ ದಿನಾ ಬೆಳಗ್ಗೆ ವಾಕಿಂಗ್ ಹೋಗ್ತಾರೆ.”

“ಕಾರಣ ಇರ್ಲೇಬೇಕು ಅಂತೇನಿಲ್ಲ ಮೇಡಂ. ಫಾರ್ಮಾಲಿಟಿ ಅಷ್ಟೇ.”

ಆ ಹೊತ್ತಿಗೆ ಸರಿಯಾಗಿ ತನುಶ್ರೀ ಬಾಗಿಲಲ್ಲಿ ಹಾದುಹೋದಳು. ಅವಳು ನಮ್ಮ ಅತಿಥಿ ಉಪನ್ಯಾಸಕಿ. ಕಂಕುಳ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಅತಿಥಿ ಅಂತ ಹೆಸರು, ಸ್ಟಾಫ್ ರೂಮಿನಲ್ಲಿ ಕೂರಲು ಕುರ್ಚಿಯಿಲ್ಲ. ಹೋದ ಸೆಮಿಸ್ಟರಿನಲ್ಲಿ ‘ಮಗು ಇರೋರಿಗೆ ಯಾಕೆ ತೊಂದರೆ’ ಎಂದು ಇದೇ ಸದಾಶಿವಯ್ಯನವರು ಅವಳ ಅರ್ಧ ಕ್ಲಾಸು ಕಿತ್ತು ಬೇರೆಯವರಿಗೆ ಕೊಟ್ಟಿದ್ದರು. ತೊಂದರೆ ಕಮ್ಮಿಯಾಯಿತು, ಸಂಬಳವೂ ಅರ್ಧವಾಯಿತು. ಯಾರಿಗೆ ಎಷ್ಟು ಕ್ಲಾಸು ಎಂದು ಬರೆದು ಕಳಿಸುವುದು ಹೆಡ್ಡು. ಆ ಪಟ್ಟಿಯ ಮೇಲೆ ಅವಳ ಕೆಲಸ ನಿಂತಿದೆ.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

“ನಂಗೆ ಬೇಕು ಸಾರ್,” ಎಂದೆ.

“ಏನು ಬೇಕು ಮೇಡಂ?”

“ಹೆಡ್ಡು.”

ಸದಾಶಿವಯ್ಯನವರು ಟೇಬಲ್ ಮೇಲಿದ್ದ ನನ್ನ ನೀರಿನ ಬಾಟಲಿ ಎತ್ತಿ ಅರ್ಧ ಖಾಲಿ ಮಾಡಿದರು. ಆಮೇಲೆ ಅದು ತಮ್ಮದಲ್ಲ ಎಂದು ಹೊಳೆದು, ಮುಚ್ಚಳ ಹಾಕಿ ಹೊರಟುಹೋದರು.

ಮಾರನೇ ದಿನದಿಂದ ನನ್ನ ಆರೋಗ್ಯದ ಬಗ್ಗೆ ಇಡೀ ವಿಭಾಗಕ್ಕೆ ಚಿಂತೆ ಹತ್ತಿಕೊಂಡಿತು. ಒಬ್ಬರು ಬಂದು ಬಿಪಿ ಎಷ್ಟಿದೆ ಎಂದು ಕೇಳಿದರು. ಇನ್ನೊಬ್ಬರು ‘ಹೆಡ್ ಆದೋರ್ಗೆಲ್ಲ ಶುಗರ್ ಬಂದಿದೆ ಮೇಡಂ’ ಎಂದು ಹೆಸರು ಸಮೇತ ಹೇಳಿದರು. ನನ್ನ ಯಜಮಾನರಿಗೂ ಫೋನ್ ಹೋಗಿತ್ತು. ಅವರು ರಾತ್ರಿ ಊಟಕ್ಕೆ ಕೂತಾಗ “ನಿಂಗ್ಯಾಕೆ ಬೇಕು ಈ ತಲೆನೋವು?” ಎಂದರು. ನನ್ನ ಅತ್ತೆ ದೊಡ್ಡಗಂಗಮ್ಮ ಗೂಳೂರಿನ ಹೆಣ್ಣು, ಯಾವುದನ್ನೂ ವಿಚಾರಣೆ ಮಾಡದೆ ಬಿಡುವವರಲ್ಲ. ಮುದ್ದೆ ಮುರಿಯುತ್ತಾ ಶುರು ಮಾಡಿದರು.

“ಹೆಡ್ಡಾದ್ರೆ ಸಂಬ್ಳ ಜಾಸ್ತಿ ಆಯ್ತದಾ?”

“ಇಲ್ಲ ಅತ್ತೆ.”

“ಕೆಲ್ಸ?”

“ಜಾಸ್ತಿ.”

“ಮತ್ತೆ ಗಂಡಸ್ರು ಯಾಕಂಗೆ ಅದಕ್ಕೆ ಬಾಯ್ ಬುಟ್ಕೊಂಡ್ ಕೂತವ್ರೆ?”

ನಮ್ಮ ಯಜಮಾನರು ಇನ್ನೊಂದು ಸೌಟು ಸಾರು ಬಡಿಸಿಕೊಂಡರು.

ಭಾನುವಾರ ಬೆಳಗ್ಗೆ ನಿಜವಾದ ವಿಷಯ ಮನೆ ಬಾಗಿಲಿಗೇ ಬಂತು. ನನ್ನ ನಂತರದ ಸರದಿಯವರು ರೇಣುಕಾಪ್ರಸಾದ್, ಗುಬ್ಬಿಯವರು. ಮುಂದಿನ ವರ್ಷ ರಿಟೈರ್ ಆಗುತ್ತಾರೆ, ಹಾಗಾಗಿ ಈ ಸಲ ತಪ್ಪಿದರೆ ಅವರಿಗೆ ಮತ್ತೆ ಸರದಿಯಿಲ್ಲ. ಒಳ್ಳೆಯ ಮನುಷ್ಯ, ಪಾಠವೂ ಚೆನ್ನಾಗಿ ಮಾಡುತ್ತಾರೆ. ಅವರ ಹೆಂಡತಿ ರೂಪಶ್ರೀ ಒಬ್ಬರೇ, ಬೆಳ್ಳಿ ಕುಂಕುಮದ ಬಟ್ಟಲು ಹಿಡಿದು, ಮಗಳು ಭೂಮಿಕಾಳ ಮದುವೆಗೆ ಕರೆಯಲು ಬಂದಿದ್ದರು. ನನಗೂ ಅತ್ತೆಗೂ ಕುಂಕುಮವಿಟ್ಟು ಕಾರ್ಡು ಕೊಟ್ಟರು. ಕೊಟ್ಟವರು ಕಾಫಿ ಮುಟ್ಟದೆ ಕೂತರು.

ಕಾರ್ಡು ತೆರೆದೆ. ಆಹ್ವಾನಿಸುವವರ ಹೆಸರಿನ ಕೆಳಗೆ ಬಂಗಾರದ ಅಕ್ಷರದಲ್ಲಿ ‘ಪ್ರಾಧ್ಯಾಪಕರು ಹಾಗೂ ಮುಖ್ಯಸ್ಥರು, ಅರ್ಥಶಾಸ್ತ್ರ ವಿಭಾಗ’ ಎಂದು ಅಚ್ಚಾಗಿತ್ತು.

“ಇದೇನ್ರೀ ಇದು?” ಎಂದೆ.

“ನೀವು ಯಾವಾಗ್ಲೂ ಬರ್ದುಕೊಡ್ತೀರಲ್ವಾ ಮೇಡಂ,” ರೂಪಶ್ರೀ ಕಣ್ಣು ತುಂಬಿಕೊಂಡರು. “ಮದ್ವೆ ಹೊತ್ತಿಗೆ ಇವ್ರು ಹೆಡ್ ಆಗಿರ್ತಾರಲ್ಲ ಅಂತ ಮೊದ್ಲೇ ಹಾಕ್ಸಿಬಿಟ್ರು.”

“ಬೇರೆ ಪ್ರಿಂಟ್ ಮಾಡ್ಸಿ.”

“ಮೊದಲ್ನೇ ಕಾರ್ಡು ಮಠದಲ್ಲಿ ಗದ್ದುಗೆ ಮುಂದೆ ಇಟ್ಟು ಬಂದಾಗಿದೆ ಮೇಡಂ. ದೇವ್ರ ಮುಂದೆ ಇಟ್ಟಿದ್ದನ್ನ ತಿದ್ದಕ್ಕಾಗುತ್ತಾ? ಗುಬ್ಬಿ ಪೂರ್ತಿ ಹಂಚಾಯ್ತು. ಕುಣಿಗಲ್‌ನಲ್ಲಿ ಬೀಗ್ರು ರುದ್ರಯ್ಯನೋರು ಊರಿಗೆಲ್ಲ ಹೇಳ್ಕೊಂಡು ಓಡಾಡ್ತಾವ್ರೆ, ನಮ್ ಬೀಗ್ರು ಯೂನಿವರ್ಸಿಟಿ ಹೆಡ್ಡು ಅಂತ. ಈಗ ಅಲ್ಲ ಅಂದ್ರೆ ಸುಳ್ಳು ಹೇಳಿ ಸಂಬಂಧ ಬೆಳೆಸಿದ್ರು ಅಂತಾರೆ. ಅಕ್ಕಾ, ನನ್ನ ತಂಗಿ ಅನ್ಕೊಳ್ಳಿ. ಇದೊಂದ್ ಸಲ ಬರ್ದುಕೊಟ್ಬಿಡಿ.”

ಮೇಡಂ ಹೋಗಿ ಅಕ್ಕ ಆದಾಗಲೇ ನನ್ನ ಮನಸ್ಸು ಅರ್ಧ ಕರಗಿತ್ತು. ಯಾರದೋ ಕಣ್ಣೀರು ಒರೆಸಲು ನನ್ನದನ್ನು ಬಿಟ್ಟುಕೊಡುವುದು ನನಗೆ ಅಭ್ಯಾಸವಾಗಿಹೋಗಿದೆ. ಪೆನ್ನು ತರಲು ಎದ್ದೂ ಎದ್ದೆ. ಆದರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಒಂದು ಮಾತು ತಲೆಯೊಳಗೆ ಕೂತಿತು. ಈ ಮನುಷ್ಯ ನನ್ನನ್ನು ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ. ನಾನು ಬೇಡ ಎನ್ನುತ್ತೇನೆ ಎಂಬುದು ಅವರಿಗೆ ಅಷ್ಟು ಖಾತ್ರಿಯಿತ್ತು, ಅದರ ಮೇಲೆ ಮಗಳ ಮದುವೆಯ ಕಾರ್ಡನ್ನೇ ಅಚ್ಚು ಹಾಕಿಸಿದ್ದರು.

ವಾಪಸ್ ಬಂದು ಕೂತೆ.

“ಲೆಟರ್ ಬರೆಯಲ್ಲ ರೂಪಶ್ರೀ. ಹೆಡ್ ನಾನೇ ಆಗ್ತೀನಿ. ಆದ್ರೆ ಒಂದು ಮಾತು ಕೊಡ್ತೀನಿ. ಮದ್ವೆ ದಿನ ಛತ್ರದೊಳಗೆ ನಿಮ್ಮ ಯಜಮಾನ್ರೇ ಹೆಡ್ಡು. ನಮ್ಮ ಡಿಪಾರ್ಟ್‌ಮೆಂಟಿನೋರು ಯಾರೂ ಬಾಯಿ ಬಿಡದ ಹಾಗೆ ನಾನು ನೋಡ್ಕೋತೀನಿ.”

“ನನ್ ಬಾಯಿಂದ್ಲೂ ಒಂದ್ ಮಾತು ಬರಕಿಲ್ಲ ಬುಡವ್ವ,” ಎಂದು ಅತ್ತೆಯೂ ಕುಂಕುಮದ ಬಟ್ಟಲು ಮುಟ್ಟಿದರು. ಆಮೇಲೆ ರೂಪಶ್ರೀ ಕಾಫಿ ಕುಡಿದರು.

ಹಾಗೆ ನಾನು ಹೆಡ್ ಆದೆ. ಕುರ್ಚಿಯಲ್ಲಿ ಕೂತ ದಿನ ಖುಷಿಯಾಯಿತು, ಇದನ್ನು ಮುಚ್ಚಿಡುವುದೇಕೆ. ಬೇಡ ಬೇಡ ಎಂದು ನಾಟಕ ಮಾಡಿದ್ದು ಸಾಕಾಗಿತ್ತು. ಅಟೆಂಡರ್ ರಂಗಯ್ಯ ತಂದಿಟ್ಟ ಮೊದಲ ಕಾಗದ ರೇಣುಕಾಪ್ರಸಾದರ ರಜೆ ಅರ್ಜಿ. ‘ವಿಭಾಗದ ಮುಖ್ಯಸ್ಥರಿಗೆ’ ಎಂದು ಶುರುವಾಗಿ, ಮಗಳ ಮದುವೆ ನಿಮಿತ್ತ ರಜೆ ಕೋರಿತ್ತು. ಜೊತೆಗೆ ಅದೇ ಕಾರ್ಡನ್ನು ಪಿನ್ ಮಾಡಿದ್ದರು. ಒಂದೇ ಕಾಗದದಲ್ಲಿ ಇಬ್ಬರು ಮುಖ್ಯಸ್ಥರು. ಮಂಜೂರು ಮಾಡಿದೆ. ಆಮೇಲೆ ಕ್ಲಾಸುಗಳ ಪಟ್ಟಿ ಮಾಡಿ, ತನುಶ್ರೀಗೆ ಪೂರ್ತಿ ಕ್ಲಾಸು ಹಾಕಿ, ಪುಟ ತಿರುವಿ ತಿರುವಿ ಸಹಿ ಮಾಡಿ, ಕೆಂಪು ಫೈಲಿನಲ್ಲಿಟ್ಟು ಕಚೇರಿಗೆ ಕಳಿಸಿದೆ.

ಮದುವೆ ಗುಬ್ಬಿಯಲ್ಲಿ, ಗುರುವಾರ. ತನುಶ್ರೀ, ಸದಾಶಿವಯ್ಯ, ನನ್ನ ಅತ್ತೆ ಎಲ್ಲ ಒಟ್ಟಿಗೆ ಹೋದೆವು. ದಾರಿಯುದ್ದಕ್ಕೂ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದೆ, ಆದರೆ ಸದಾಶಿವಯ್ಯನವರು ಪಾತ್ರವನ್ನು ತುಸು ಜಾಸ್ತಿಯೇ ಮಾಡಿದರು. ಛತ್ರಕ್ಕೆ ಕಾಲಿಟ್ಟವರೇ “ಹೆಡ್ ಸಾರ್, ನಮಸ್ಕಾರ! ಹೆಡ್ ಸಾರ್, ಬಿಸಿಲು ಜೋರಾಗಿದೆ!” ಎಂದು ಕೂಗತೊಡಗಿದರು. ಸದಾಶಿವಯ್ಯನವರ ಎರಡು ವರ್ಷದ ಹೆಡ್ಡುಗಿರಿಯಲ್ಲಿ ಅವರನ್ನೇ ಯಾರೂ ಇಷ್ಟು ಸಲ ಹೆಡ್ ಸಾರ್ ಎಂದಿರಲಿಲ್ಲ. ರೇಣುಕಾಪ್ರಸಾದರು ಪ್ರತಿ ಸಲವೂ ನನ್ನ ಕಡೆ ಕಳ್ಳನೋಟ ಬೀರಿ ಬೆವರು ಒರೆಸಿಕೊಳ್ಳುತ್ತಿದ್ದರು. ಬೀಗರು ರುದ್ರಯ್ಯ ರೇಷ್ಮೆ ಪಂಚೆ, ದೊಡ್ಡ ಮೀಸೆ, ದೊಡ್ಡ ಗಂಟಲು. ಬಂದವರನ್ನೆಲ್ಲ ಕೈ ಹಿಡಿದು ಎಳೆದು ತಂದು “ನಮ್ ಬೀಗ್ರು, ಹೆಡ್ಡು!” ಎಂದು ತೋರಿಸುತ್ತಿದ್ದರು. ನನ್ನನ್ನೂ ಎಳೆದೊಯ್ದು ತೋರಿಸಿದರು. ನಾನೂ ನಮಸ್ಕಾರ ಮಾಡಿದೆ. ಅತ್ತೆ ಪಕ್ಕದಲ್ಲಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು.

ಮುಹೂರ್ತ ಸುಸೂತ್ರವಾಗಿ ಮುಗಿಯಿತು. ತಾಳಿ ಬಿತ್ತು, ಅಕ್ಷತೆ ಬಿತ್ತು. ಫೋಟೊಗೆ ಸಾಲು ನಿಂತಿತು. ನಾವೂ ಉಡುಗೊರೆ ಹಿಡಿದು ಸಾಲಿನಲ್ಲಿದ್ದೆವು. ಆಗ ಛತ್ರದ ಬಾಗಿಲಲ್ಲಿ ರಂಗಯ್ಯ ಕಂಡ. ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ, ಕೈಯಲ್ಲಿ ಕೆಂಪು ಫೈಲು. ವಾಲಗದ ಗದ್ದಲದಲ್ಲಿ ನನ್ನ ಫೋನು ಹೊಡೆದುಕೊಂಡದ್ದು ಕೇಳಿಸಿಯೇ ಇರಲಿಲ್ಲ.

“ನಮ್ ಹೆಡ್ ಎಲ್ಲವ್ರೆ? ಅರ್ಜೆಂಟ್ ಸೈನ್ ಬೇಕು. ಎರಡು ಗಂಟೆ ಒಳಗೆ ಆಫೀಸಿಗೆ ಕೊಡ್ಬೇಕು,” ಎಂದು ಎದುರಿಗೆ ಸಿಕ್ಕವರನ್ನು ಕೇಳಿದ. ಸಿಕ್ಕವರು ರುದ್ರಯ್ಯ.

“ಹೆಡ್ಡಾ? ಬಾರಪ್ಪ, ಬಾ!” ರುದ್ರಯ್ಯ ಫೈಲನ್ನು ಕಿತ್ತುಕೊಂಡೇ ವೇದಿಕೆ ಹತ್ತಿದರು. “ನೋಡ್ರಪ್ಪಾ, ನಮ್ ಬೀಗ್ರನ್ನ ಮದ್ವೆ ಮನೇಲೂ ಆಫೀಸ್ನೋರು ಬುಡಕಿಲ್ಲ! ಏಯ್ ಫೋಟೊ, ಈ ಕಡೆ ಬಾ!” ಎಂದು ಫೈಲನ್ನು ರೇಣುಕಾಪ್ರಸಾದರ ಮುಂದೆ ಬಿಚ್ಚಿ, ತಮ್ಮ ಜೇಬಿನ ಪೆನ್ನನ್ನೇ ತೆಗೆದು ಕೈಗೆ ಕೊಟ್ಟರು. “ಅವ್ರಲ್ಲ ಸಾಮಿ, ಅವ್ರಲ್ಲ,” ಎಂದು ರಂಗಯ್ಯ ಕೆಳಗಿನಿಂದ ಕೂಗುತ್ತಿದ್ದ. ವಾಲಗದವರು ಅವನಿಗಿಂತ ಜೋರಾಗಿದ್ದರು.

ಫೈಲಿನ ಬಣ್ಣ ನೋಡಿಯೇ ನನಗೆ ಗೊತ್ತಾಯಿತು. ಅದು ಕ್ಲಾಸುಗಳ ಪಟ್ಟಿ. ಹೊಸ ಹೆಡ್ಡಿನ ಸಂಭ್ರಮದಲ್ಲಿ ನಾನು ಯಾವುದೋ ಒಂದು ಪುಟಕ್ಕೆ ಸಹಿ ಬಿಟ್ಟಿರಬೇಕು. ಪಟ್ಟಿ ಇವತ್ತು ಮುಟ್ಟದಿದ್ದರೆ ಈ ಸೆಮಿಸ್ಟರಿಗೆ ತನುಶ್ರೀಗೆ ಕೆಲಸವೇ ಇಲ್ಲ. ಬೇರೆಯವರ ಸಹಿ ಬಿದ್ದರೂ ಅದೇ ಗತಿ. ತನುಶ್ರೀಗೂ ಅರ್ಥವಾಗಿತ್ತು. ಅವಳು ಉಡುಗೊರೆಯ ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದಳು.

ವೇದಿಕೆಯ ಮೇಲೆ ರೇಣುಕಾಪ್ರಸಾದರು ಪೆನ್ನು ಹಿಡಿದು ಕಲ್ಲಾಗಿದ್ದರು. ಫೋಟೊದವನು “ಸಾರ್, ಸೈನ್ ಮಾಡೋ ಥರ ನೋಡಿ, ಸ್ವಲ್ಪ ನಗಿ,” ಎನ್ನುತ್ತಿದ್ದ. ಒಂದು ಗಳಿಗೆ ಅವರು ಸಹಿ ಹಾಕಿಯೇಬಿಡುತ್ತಾರೆ ಅನ್ನಿಸಿತು. ನಾನು ರೂಪಶ್ರೀಗೆ ಕೊಟ್ಟ ಮಾತು ನೆನಪಿತ್ತು. ಆದರೆ ಮಾತು ಕೊಟ್ಟದ್ದು ನನ್ನ ಹೆಡ್ಡುಗಿರಿಯ ಬಗ್ಗೆ, ತನುಶ್ರೀಯ ಅನ್ನದ ಬಗ್ಗೆ ಅಲ್ಲ. ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನನ್ನು ಕಂಡರು. ಮುಖದಲ್ಲಿದ್ದ ಬಿಗಿ ಒಮ್ಮೆಲೇ ಸಡಿಲವಾಯಿತು.

“ನೀವೇ ಹಾಕಿ ಮೇಡಂ,” ಎಂದು ಪೆನ್ನು ಕೊಟ್ಟರು. ಬರೆಯಲು ಅಲ್ಲಿ ಆಸರೆಯಿರಲಿಲ್ಲ. ಅಕ್ಷತೆಯ ತಟ್ಟೆಯನ್ನು ಖಾಲಿ ಮಾಡಿ, ಅದರ ಮೇಲೆ ಫೈಲಿಟ್ಟು, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದು ನಿಂತರು. ನಾನು ಸಹಿ ಹಾಕಿದೆ. ರಂಗಯ್ಯ ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಗಾಡಿ ಕಡೆ ಓಡಿದ.

ರುದ್ರಯ್ಯನವರ ಮೀಸೆ ಕೆಳಗಿಳಿದಿತ್ತು. “ಇವ್ರು ಯಾಕೆ ಸೈನ್ ಹಾಕಿದ್ರು?”

“ಇವ್ರೇ ನಮ್ ಹೆಡ್ಡು,” ಎಂದರು ರೇಣುಕಾಪ್ರಸಾದರು. ಆಮೇಲೆ ಸಣ್ಣ ದನಿಯಲ್ಲಿ, “ಕಾರ್ಡಲ್ಲಿ ಪ್ರೆಸ್ನೋರು ತಪ್ಪು ಮಾಡವ್ರೆ.”

ರೂಪಶ್ರೀ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ನನ್ನ ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಬಾಯಿಂದ ಸೆರಗು ಕಿತ್ತವರೇ ಕೆಳಗಿನಿಂದ ಕೂಗಿದರು: “ನಮ್ ಸೊಸೆ ಕಣ್ರಪ್ಪೋ! ಸಂಬ್ಳ ಏನ್ ಜಾಸ್ತಿ ಇಲ್ಲ!”

ರುದ್ರಯ್ಯ ನನ್ನನ್ನು ನೋಡಿದರು, ಬೀಗರನ್ನು ನೋಡಿದರು, ಜೇಬಿನಿಂದ ಕಾರ್ಡು ತೆಗೆದು ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಗತೊಡಗಿದರು.

“ಪ್ರೆಸ್ನೋರು ಎಲ್ಲಾರ್ಗೂ ಹಂಗೇ ಮಾಡ್ತಾರೆ ಬುಡಿ ಬೀಗ್ರೇ! ನನ್ ಹೆಸ್ರಿನ್ ಕೆಳಗೆ ‘ಖ್ಯಾತ ಉದ್ಯಮಿಗಳು’ ಅಂತ ಹಾಕವ್ರೆ ನೋಡಿ. ನಂದಿರೋದು ಬಸ್ ಸ್ಟ್ಯಾಂಡ್ ತಾವ ಒಂದು ಹಾರ್ಡ್‌ವೇರ್ ಅಂಗ್ಡಿ!”

ನಕ್ಕಿದ್ದೇ ನಕ್ಕಿದ್ದು. ಆ ನಗುವಿನಲ್ಲಿ ರುದ್ರಯ್ಯ ನನ್ನ ಕಡೆ ಬಾಗಿ, “ಮೇಡಂ, ನಮ್ ತಂಗಿ ಮಗ್ಳಿಗೆ ಎಂಎ ಸೀಟು...” ಎಂದು ಶುರು ಮಾಡಿಯೂಬಿಟ್ಟರು. ಹೆಡ್ ಆದವರಿಗೆ ಯಾಕೆ ಶುಗರ್ ಬರುತ್ತದೆ ಎಂದು ಅಲ್ಲೇ ತಿಳಿಯಿತು.

ತಪ್ಪಿಸಿಕೊಂಡು ಮದುಮಕ್ಕಳಿಗೆ ಅಕ್ಷತೆ ಹಾಕಲು ಹೋದೆ. ಎಲ್ಲರೂ ನಗುತ್ತಿದ್ದಾಗ ಭೂಮಿಕಾ ಒಬ್ಬಳೇ ನಗುತ್ತಿರಲಿಲ್ಲ.

“ಮೇಡಂ,” ಮೆಲ್ಲಗೆ ಕರೆದಳು. “ಕಾರ್ಡಲ್ಲಿ ನನ್ ಹೆಸ್ರಿನ್ ಮುಂದೆ ಏನಿದೆ ನೋಡಿದ್ರಾ?”

“ಚಿ. ಸೌ. ಅಂತ ಇರುತ್ತೆ.”

“ಅಷ್ಟೇ ಇದೆ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಈ ಹುಡುಗಿ ಆರು ತಿಂಗಳ ಹಿಂದೆ ಕಾಮರ್ಸ್‌ನಲ್ಲಿ ಪಿಎಚ್‌ಡಿ ಪಡೆದಿದ್ದಳು. ಅವಳ ವೈವಾ ದಿನ ಚಪ್ಪಾಳೆ ಹೊಡೆದು ಹೋಳಿಗೆ ತಿಂದವರಲ್ಲಿ ನಾನೂ ಇದ್ದೆ. ಆ ಕಾರ್ಡನ್ನು ಎಷ್ಟು ಸಲ ಓದಿದ್ದೆನೋ, ಪ್ರತಿ ಸಲವೂ ನನ್ನ ಹೆಡ್ಡನ್ನು ಯಾರು ತಿಂದರು ಎಂದೇ ನೋಡಿದ್ದೆ. ಇಲ್ಲದ್ದನ್ನೆಲ್ಲ ಬಂಗಾರದ ಅಕ್ಷರದಲ್ಲಿ ಹಾಕಿಸಿದ ಕಾರ್ಡಿನಲ್ಲಿ, ಇದ್ದ ಒಂದು ನಿಜವನ್ನು ಬಿಟ್ಟಿದ್ದರು.

“ಯಾಕಮ್ಮ ಹಾಕ್ಸಲಿಲ್ಲ?”

“ಇವ್ರು ಬಿಕಾಂ. ಹುಡುಗಿ ಹೆಸ್ರಿನ್ ಮುಂದೆ ಡಾಕ್ಟರ್ ಅಂತ ಬಂದ್ರೆ ಚೆನ್ನಾಗಿ ಕಾಣಲ್ಲ ಅಂದ್ರು ಅಪ್ಪಾಜಿ.” ಅವಳು ತಲೆ ತಗ್ಗಿಸಿದಳು. “ನಾನೂ ಬೇಡ ಬಿಡಿ ಅಂದ್ಬಿಟ್ಟೆ.”

ಪಕ್ಕದಲ್ಲಿದ್ದ ಮದುಮಗ ಬಾಸಿಂಗ ಸರಿಮಾಡಿಕೊಳ್ಳುತ್ತಾ “ನನ್ನನ್ನ ಯಾರೂ ಕೇಳ್ಲೇ ಇಲ್ಲ,” ಎಂದ.

ನನಗೆ ಅಳು ಬಂತು, ಸಿಟ್ಟೂ ಬಂತು. ಇಪ್ಪತ್ತೆಂಟರ ಈ ಹುಡುಗಿಯೂ ಆಗಲೇ ತನ್ನ ಪಾಲಿನ ಅನ್‌ವಿಲ್ಲಿಂಗ್ ಲೆಟರ್ ಕೊಟ್ಟು ಕೂತಿದ್ದಳು.

“ಈಗ ಬೇಕಾ?” ಎಂದೆ.

“ಬೇಕು ಮೇಡಂ.”

“ನನ್ನ ಹತ್ರ ಹೇಳಿದ್ರೆ ಏನ್ ಬಂತು? ಅಲ್ಲಿ ನಿಂತವ್ರೆ ನೋಡು ನಿಮ್ಮಪ್ಪ, ನಿಮ್ಮ ಮಾವ.”

ಭೂಮಿಕಾ ಅವರ ಕಡೆ ತಿರುಗಿದಳು. ಆಮೇಲೆ ವಾಲಗಕ್ಕಿಂತ ಜೋರಾಗಿ ಕೂಗಿದಳು. “ಅಪ್ಪಾಜಿ! ನನ್ ಹೆಸ್ರಿನ್ ಮುಂದೆ ಡಾಕ್ಟರ್ ಅಂತ ಬೇಕು! ಐದ್ ವರ್ಷ ಓದಿ ತಗೊಂಡಿರೋದು ನಾನು!”

ವಾಲಗದವರೇ ಬೆಚ್ಚಿ ನಿಲ್ಲಿಸಿದರು. ರೇಣುಕಾಪ್ರಸಾದರು ಮಗಳನ್ನು ನೋಡುತ್ತಾ ನಿಂತರು. ಆ ಅಕ್ಷತೆಯ ತಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು. ಏನೋ ಹೇಳಲು ಹೋದರು. ಉತ್ತರ ಕೊಟ್ಟವರು ರುದ್ರಯ್ಯ.

“ಡಾಕ್ಟ್ರಾ? ಮೊದ್ಲೇ ಹೇಳದಲ್ವೇನವ್ವ? ಬೀಗರೂಟದ ಬ್ಯಾನರ್ ಇನ್ನೂ ಪ್ರಿಂಟಿಗೆ ಹೋಗಿಲ್ಲ!”

ಭಾನುವಾರ ಬೀಗರೂಟಕ್ಕೆ ಕುಣಿಗಲ್‌ಗೆ ಹೋದಾಗ ಬ್ಯಾನರ್ ಛತ್ರದ ಕಾಂಪೌಂಡಿಗಿಂತ ಎತ್ತರವಿತ್ತು. ‘ಡಾ. ಭೂಮಿಕಾ’ ಎಂದು ದೂರದ ಬಸ್ಸಿನಿಂದಲೇ ಓದಬಹುದಿತ್ತು. ಅದರ ಕೆಳಗೆ ರೇಣುಕಾಪ್ರಸಾದರು ನಿಂತು ಬಂದವರನ್ನೆಲ್ಲ ತಡೆದು, ಒಳಗೆ ಹೋಗಲು ಬಿಡದೆ, ಮೊದಲು ಮೇಲೆ ನೋಡಿ ಎನ್ನುತ್ತಿದ್ದರು. ನನ್ನನ್ನೂ ತಡೆದರು.

“ನನ್ ಮಗಳು ಮೇಡಂ,” ಎಂದರು.